ಹೊಸ ಬ್ರೇಕ್ ಪ್ಯಾಡ್‌ಗಳನ್ನು ಪಳಗಿಸುವ ಕ್ರಮ: ತಪಾಸಣೆಗೆ ಕಾರನ್ನು ಹಾಜರುಪಡಿಸುವ ಮಾಲೀಕರಿಗೆ ಮಾಹಿತಿ

ಬಾಡಿಗೆ ಕಾರುಗಳ ಅರ್ಹತಾ ಪತ್ರದ ನವೀಕರಣಕ್ಕಾಗಿ ಹಾಗೂ 15 ವರ್ಷ ಪೂರೈಸಿದ ಸ್ವಂತ ಬಳಕೆಯ ಕಾರುಗಳ ನೋಂದಣಿ ನವೀಕರಣಕ್ಕಾಗಿ ವಾಹನವನ್ನು ತಪಾಸಣೆಗೆ ಹಾಜರುಪಡಿಸುವ ಮಾಲೀಕರು, ತಪಾಸಣೆಯ ಹಿಂದಿನ ದಿನ ಸಂಜೆ ಬ್ರೇಕ್ ಪ್ಯಾಡ್‌ಗಳನ್ನು ಬದಲಾಯಿಸಿಕೊಂಡು ಬರುವುದುಂಟು. ಸವೆದ ಪ್ಯಾಡ್‌ಗಳನ್ನು ಬದಲಾಯಿಸಿರುವುದು ಸರಿಯಾದ ಕ್ರಮವೇ. ಆದರೆ ಹೊಸದಾಗಿ ಅಳವಡಿಸಿದ ಪ್ಯಾಡ್ ಅದೇ ಕ್ಷಣದಿಂದ ಪೂರ್ಣ ಸಾಮರ್ಥ್ಯದಿಂದ ಕೆಲಸ ಮಾಡುವುದಿಲ್ಲವೆಂಬ ಸಂಗತಿ ಎಲ್ಲರಿಗೂ ತಿಳಿದಿರುವುದಿಲ್ಲ. ಪ್ಯಾಡ್ ಮತ್ತು ಡಿಸ್ಕ್ ಪರಸ್ಪರ ಹೊಂದಿಕೊಳ್ಳಲು ಸ್ವಲ್ಪ ದೂರದ, ಸ್ವಲ್ಪ ಎಚ್ಚರಿಕೆಯ ಚಾಲನೆ ಅವಶ್ಯಕ. ಕಾರ್ಯಾಗಾರಗಳ ಮಾತಿನಲ್ಲಿ ಇದಕ್ಕೆ ‘ಪ್ಯಾಡ್ ಸೆಟ್ ಆಗುವುದು’ ಎನ್ನುತ್ತಾರೆ. ಈ ಪುಟದಲ್ಲಿ ಅದನ್ನು ‘ಪಳಗಿಸುವಿಕೆ’ ಎಂದು ಕರೆಯಲಾಗಿದೆ. ಅದನ್ನು ಮಾಡುವ ಕ್ರಮ ಮತ್ತು ಅದರ ಕಾರಣಗಳನ್ನು ವಾಹನ ಮಾಲೀಕರ ಹಾಗೂ ಚಾಲಕರ ಅನುಕೂಲಕ್ಕಾಗಿ ಇಲ್ಲಿ ವಿವರಿಸಲಾಗಿದೆ.

ಕಾನೂನಿನಲ್ಲಿ ಏನಿದೆ?

ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 56ರಂತೆ ಸಾರಿಗೆ ವಾಹನವು ಚಾಲ್ತಿಯಲ್ಲಿರುವ ಅರ್ಹತಾ ಪತ್ರವನ್ನು ಹೊಂದಿರತಕ್ಕದ್ದು. ಇಲ್ಲದಿದ್ದಲ್ಲಿ ಅದನ್ನು ಕ್ರಮಬದ್ಧವಾಗಿ ನೋಂದಣಿಯಾದ ವಾಹನವೆಂದು ಪರಿಗಣಿಸಲಾಗುವುದಿಲ್ಲ. ಸ್ವಂತ ಬಳಕೆಯ ಕಾರಿಗೆ ನೋಂದಣಿಯ 15 ವರ್ಷಗಳ ನಂತರ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಿ, ವಾಹನವನ್ನು ತಪಾಸಣೆಗೊಳಪಡಿಸಿ, ನೋಂದಣಿಯನ್ನು ನವೀಕರಿಸಿಕೊಳ್ಳಬೇಕಾಗುತ್ತದೆ. ಬ್ರೇಕುಗಳ ಬಗ್ಗೆ ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 96ರಲ್ಲಿ ಹೇಳಲಾಗಿದೆ. ದೋಷವಿದೆಯೆಂದು ತಿಳಿದೂ, ಅಥವಾ ಸಾಮಾನ್ಯ ಎಚ್ಚರದಿಂದ ತಿಳಿಯಬಹುದಾಗಿದ್ದ ದೋಷವಿರುವಾಗಲೂ, ಅಪಾಯಕಾರಿ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವುದು ಕಲಂ 190ರನ್ವಯ ಅಪರಾಧ. ಇಷ್ಟು ಕಾನೂನಿನ ಮಾತು. ಆದರೆ ಬ್ರೇಕಿನ ನಿಜವಾದ ಪರೀಕ್ಷೆ ನಡೆಯುವುದು ಕಚೇರಿಯ ಆವರಣದಲ್ಲಲ್ಲ, ರಸ್ತೆಯಲ್ಲಿ. ಅಲ್ಲಿ ಮರುಪರೀಕ್ಷೆಗೆ ಅವಕಾಶವಿರುವುದಿಲ್ಲ.

ಹೊಸ ಪ್ಯಾಡ್ ಮೊದಲ ದಿನವೇ ಏಕೆ ಪೂರ್ಣವಾಗಿ ಹಿಡಿಯುವುದಿಲ್ಲ?

ಪೆಡಲನ್ನು ಒತ್ತಿದಾಗ ಕ್ಯಾಲಿಪರಿನಲ್ಲಿರುವ ಪಿಸ್ಟನ್ ಎರಡು ಪ್ಯಾಡ್‌ಗಳ ನಡುವೆ ತಿರುಗುತ್ತಿರುವ ಡಿಸ್ಕನ್ನು ಹಿಡಿಯುವಂತೆ ಮಾಡುತ್ತದೆ. ಕಾರಿನ ಚಲನೆಯ ಶಕ್ತಿಯು ಘರ್ಷಣೆಯಿಂದ ಶಾಖವಾಗಿ ಮಾರ್ಪಡುತ್ತದೆ. 1200 ಕಿಲೋ ತೂಕದ ಕಾರು ಗಂಟೆಗೆ 60 ಕಿ.ಮೀ. ವೇಗದಿಂದ ಒಮ್ಮೆ ನಿಂತರೆ ಉಂಟಾಗುವ ಶಾಖವು, ಸುಮಾರು ಅರ್ಧ ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಸಾಕಾಗುತ್ತದೆ. ಇಷ್ಟು ಶಾಖವನ್ನು ಕೆಲವೇ ಸೆಕೆಂಡುಗಳಲ್ಲಿ ಅಂಗೈಯಗಲದ ಪ್ಯಾಡ್‌ಗಳು ಹಾಗೂ ಡಿಸ್ಕ್‌ಗಳು ತಾಳಿಕೊಳ್ಳಬೇಕು.

ಹೊಸ ಪ್ಯಾಡ್‌ನಲ್ಲಿ ಮೂರು ಕೊರತೆಗಳಿರುತ್ತವೆ. ಮೊದಲನೆಯದು ಸ್ಪರ್ಶದ ಕೊರತೆ. ಬಳಸಿದ ಡಿಸ್ಕಿನ ಮೇಲ್ಮೈ ಕನ್ನಡಿಯಂತೆ ಸಮತಟ್ಟಾಗಿರುವುದಿಲ್ಲ. ಹಳೆಯ ಪ್ಯಾಡ್ ಕೊರೆದ ಸಣ್ಣ ಗೆರೆಗಳು, ಅಂಚಿನಲ್ಲಿ ಸಣ್ಣ ಏಣು ಇರುತ್ತವೆ. ಹೊಸ ಪ್ಯಾಡ್ ಮೊದಲಿಗೆ ಇವುಗಳ ಎತ್ತರದ ಭಾಗಗಳನ್ನು ಮಾತ್ರ ಮುಟ್ಟುತ್ತದೆ. ಪ್ಯಾಡ್ ಪೂರ್ತಿ ಅಗಲವಾಗಿ ಕಂಡರೂ ಕೆಲಸ ಮಾಡುತ್ತಿರುವುದು ಅದರ ಒಂದು ಭಾಗವಷ್ಟೇ.

ಎರಡನೆಯದು ಪದರದ ಕೊರತೆ. ಚೆನ್ನಾಗಿ ಕೆಲಸ ಮಾಡುವ ಬ್ರೇಕಿನಲ್ಲಿ ಪ್ಯಾಡಿನ ವಸ್ತುವಿನ ಬಹು ತೆಳುವಾದ ಪದರವೊಂದು ಡಿಸ್ಕಿನ ಮೇಲೆ ಸಮನಾಗಿ ಹರಡಿರುತ್ತದೆ. ಬ್ರೇಕಿನ ಹಿಡಿತದಲ್ಲಿ ಒಂದು ಪಾಲು ಪ್ಯಾಡ್ ಡಿಸ್ಕನ್ನು ಉಜ್ಜುವುದರಿಂದ ಬಂದರೆ, ಮತ್ತೊಂದು ಪಾಲು ಈ ಪದರಕ್ಕೂ ಪ್ಯಾಡಿಗೂ ನಡುವಣ ಅಂಟುವಿಕೆಯಿಂದ ಬರುತ್ತದೆ. ನಮ್ಮ ಅಡುಗೆಮನೆಗಳಲ್ಲಿ ಹೊಸ ಕಬ್ಬಿಣದ ಕಾವಲಿಯನ್ನು ಎಣ್ಣೆ ಸವರಿ, ಕಾಯಿಸಿ, ಆರಿಸಿ, ಮತ್ತೆ ಕಾಯಿಸಿ ಪಳಗಿಸಿದ ಬಳಿಕವಷ್ಟೇ ದೋಸೆ ಸಲೀಸಾಗಿ ಏಳುತ್ತದೆ. ಕಾವಲಿಯಲ್ಲಿ ಬೇಕಾದುದು ಅಂಟದಿರುವುದು, ಬ್ರೇಕಿನಲ್ಲಿ ಬೇಕಾದುದು ಅಂಟುವುದು. ಫಲ ತದ್ವಿರುದ್ಧವಾದರೂ ಮೆಲ್ಲಗೆ ಕಾಯಿಸಿ ಆರಿಸಿ ಪದರವನ್ನು ಕೂರಿಸುವ ಕ್ರಮ ಒಂದೇ ಬಗೆಯದು. ಮೊದಲ ದಿನವೇ ಕಾವಲಿಯನ್ನು ಕೆಂಡದಂತೆ ಕಾಯಿಸಿದರೆ ಅದು ಕೆಡುವ ಹಾಗೆಯೇ ಪ್ಯಾಡ್ ಸಹ ಕೆಡುತ್ತದೆ.

ಮೂರನೆಯದು ಹೆಚ್ಚು ಅಪಾಯಕಾರಿ. ಪ್ಯಾಡಿನ ಸಾಮಗ್ರಿಗಳನ್ನು ರಾಳದಿಂದ ಬಂಧಿಸಿರುತ್ತಾರೆ. ಹೊಸ ಪ್ಯಾಡ್ ಮೊದಲ ಬಾರಿಗೆ ಬಹಳ ಕಾದಾಗ ಈ ರಾಳದಿಂದ ಅನಿಲ ಹೊರಬಂದು, ಪ್ಯಾಡ್ ಮತ್ತು ಡಿಸ್ಕಿನ ನಡುವೆ ಸೇರಿಕೊಂಡು, ಹಿಡಿತವನ್ನು ತಗ್ಗಿಸಬಲ್ಲದು. ಇಂತಹ ಸಂದರ್ಭದಲ್ಲಿ ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಆದರೆ ಕಾರು ನಿರೀಕ್ಷಿಸಿದಷ್ಟು ನಿಧಾನವಾಗುವುದಿಲ್ಲ. ಪೆಡಲ್ ಮೆತ್ತಗಾದರೆ ಚಾಲಕನು ಎಚ್ಚೆತ್ತುಕೊಳ್ಳುತ್ತಾನೆ. ಇಲ್ಲಿ ಅಂತಹ ಮುನ್ಸೂಚನೆಯೂ ಸಿಗುವುದಿಲ್ಲ.

ವ್ಯತ್ಯಾಸ ಎಷ್ಟು?

ಲೆಕ್ಕವೊಂದನ್ನು ಉದಾಹರಣೆಗಾಗಿ ನೀಡಲಾಗಿದೆ. ಒಣಗಿದ ಡಾಂಬರು ರಸ್ತೆಯಲ್ಲಿ ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ಕಾರು, ಪಳಗಿದ ಬ್ರೇಕುಗಳಿಂದ ಸುಮಾರು 20 ಮೀಟರಿನಲ್ಲಿ ನಿಲ್ಲುತ್ತದೆಂದು ಇಟ್ಟುಕೊಳ್ಳೋಣ. ಬ್ರೇಕಿನ ಹಿಡಿತವು ನೂರಕ್ಕೆ ಮೂವತ್ತರಷ್ಟು ಕಡಿಮೆಯಾದರೆ ಅದೇ ಕಾರಿಗೆ 28 ಮೀಟರಿಗೂ ಹೆಚ್ಚು ಬೇಕು. ಎಂಟು ಮೀಟರ್ ಎಂದರೆ ಎರಡು ಕಾರುಗಳ ಉದ್ದ. ಇನ್ನೊಂದು ರೀತಿಯಲ್ಲಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ: ಮೊದಲ ಕಾರು ನಿಂತ ಜಾಗದಲ್ಲಿ ಎರಡನೆಯ ಕಾರಿನ ವೇಗ ಇನ್ನೂ ಗಂಟೆಗೆ ಸುಮಾರು 33 ಕಿ.ಮೀ. ಇರುತ್ತದೆ. ಅಲ್ಲಿ ರಸ್ತೆ ದಾಟುತ್ತಿರುವ ಮಗುವೊಂದಿದ್ದರೆ ಆ ವೇಗ ಪ್ರಾಣಾಂತಿಕವಾಗಬಲ್ಲದು. ಚಾಲಕನು ಅಪಾಯವನ್ನು ಕಂಡು ಪೆಡಲ್ ಒತ್ತುವವರೆಗೆ ಕಾರು ಕ್ರಮಿಸುವ ದೂರವನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ.

ತಮ್ಮ ಕಾರಿನಲ್ಲಿ ಎಬಿಎಸ್ ವ್ಯವಸ್ಥೆ ಇರುವುದರಿಂದ ಚಿಂತೆಯಿಲ್ಲವೆಂದು ಕೆಲವರು ಭಾವಿಸಬಹುದು. 2019ರ ಏಪ್ರಿಲ್‌ನಿಂದ ಹೊಸ ಕಾರುಗಳೆಲ್ಲಕ್ಕೂ ಈ ವ್ಯವಸ್ಥೆ ಕಡ್ಡಾಯವಾಗಿದೆ. ಚಕ್ರಗಳು ಬಿಗಿದುಕೊಂಡು ಜಾರದಂತೆ ಅದು ನೋಡಿಕೊಳ್ಳುತ್ತದೆಯೇ ಹೊರತು, ಪ್ಯಾಡಿನಲ್ಲಿ ಇಲ್ಲದ ಹಿಡಿತವನ್ನು ತಂದುಕೊಡಲಾರದು.

ಕಾರ್ಯಾಗಾರದಿಂದ ಕಾರನ್ನು ಹೊರತೆಗೆಯುವ ಮುನ್ನ

ಪಳಗಿಸುವಿಕೆಯ ಮಾತಿಗೆ ಮುಂಚೆ ಒಂದು ಅತ್ಯವಶ್ಯ ಸಂಗತಿಯನ್ನು ಗಮನಕ್ಕೆ ತರಲಾಗಿದೆ. ಹೊಸ ಪ್ಯಾಡ್‌ಗಳು ಹಳೆಯವುಗಳಿಗಿಂತ ದಪ್ಪವಿರುವುದರಿಂದ, ಅವುಗಳನ್ನು ಕೂರಿಸಲು ಪಿಸ್ಟನ್‌ಗಳನ್ನು ಹಿಂದಕ್ಕೆ ತಳ್ಳಿರುತ್ತಾರೆ. ಹೀಗಾಗಿ ಮೊದಲ ಒತ್ತಿಗೆ ಪೆಡಲ್ ನೆಲದವರೆಗೂ ಇಳಿಯಬಹುದು. ಬ್ರೇಕ್ ಹಿಡಿಯುವುದೇ ಇಲ್ಲ. ಕಾರನ್ನು ಕದಲಿಸುವ ಮೊದಲು, ನಿಂತಲ್ಲಿಯೇ, ಪೆಡಲ್ ಗಟ್ಟಿಯಾಗುವವರೆಗೆ ಹಲವು ಬಾರಿ ಮೆಲ್ಲಗೆ ಒತ್ತತಕ್ಕದ್ದು. ಮೆಕ್ಯಾನಿಕ್ ಒತ್ತಿರುತ್ತಾನೆಂದು ನಂಬಿ ಸುಮ್ಮನಾಗಕೂಡದು, ತಾವೇ ಒಮ್ಮೆ ಒತ್ತಿ ನೋಡುವುದು ಮೇಲು. ಬೀಗದ ಕೈ ಕೈಗೆ ಬಂದ ಕೂಡಲೇ ಕಾರನ್ನು ಹಿಂದಕ್ಕೆ ತೆಗೆಯಲು ಹೋಗಿ ಗೋಡೆಗೋ ಕಂಬಕ್ಕೋ ತಾಗಿಸುವ ಪ್ರಸಂಗಗಳಿಗೆ ಇದೇ ಕಾರಣ.

ಬ್ರೇಕ್ ಆಯಿಲ್ ಡಬ್ಬಿಯಲ್ಲಿನ ಮಟ್ಟವನ್ನೂ ನೋಡಬೇಕು. ಪಿಸ್ಟನ್ ಹಿಂದೆ ಸರಿದಾಗ ಆಯಿಲ್ ಮೇಲೇರುತ್ತದೆ. ಅದು ಗರಿಷ್ಠ ಗೆರೆಯನ್ನು ಮೀರಿರಬಾರದು. ಹೊರಚೆಲ್ಲಿದರೆ ಕಾರಿನ ಬಣ್ಣ ಹಾಳಾಗುತ್ತದೆ. ಡಿಸ್ಕಿನ ದಪ್ಪವನ್ನು ಅಳೆಸಿ ನೋಡುವುದು ಒಳ್ಳೆಯದು, ಏಕೆಂದರೆ ಕನಿಷ್ಠ ದಪ್ಪಕ್ಕಿಂತ ಸವೆದ ಡಿಸ್ಕಿನ ಮೇಲೆ ಎಷ್ಟೇ ಒಳ್ಳೆಯ ಪ್ಯಾಡ್ ಹಾಕಿದರೂ ಪ್ರಯೋಜನವಿಲ್ಲ. ಈ ಕನಿಷ್ಠ ಅಳತೆಯನ್ನು ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಅಚ್ಚು ಹಾಕಿರುತ್ತಾರೆ. ಡಿಸ್ಕನ್ನೂ ಹೊಸದಾಗಿ ಹಾಕಿಸಿದ್ದಲ್ಲಿ, ತುಕ್ಕು ಹಿಡಿಯದಿರಲೆಂದು ಅದಕ್ಕೆ ಸವರಿರುವ ಎಣ್ಣೆಯನ್ನು ಬ್ರೇಕ್ ಕ್ಲೀನರ್‌ನಿಂದ ಪೂರ್ತಿ ತೊಳೆದಿರಬೇಕು. ಪ್ಯಾಡಿನ ಮುಖಕ್ಕೆ ಗ್ರೀಸ್ ಅಥವಾ ಎಣ್ಣೆ ತಗುಲಿದ್ದರೆ ಆ ಪ್ಯಾಡನ್ನು ಬಳಸದಿರುವುದೇ ಲೇಸು. ಪ್ಯಾಡ್‌ಗಳನ್ನು ಯಾವಾಗಲೂ ಒಂದು ಆಕ್ಸಲಿನ ಎರಡೂ ಚಕ್ರಗಳಿಗೆ ಒಟ್ಟಿಗೇ ಬದಲಾಯಿಸತಕ್ಕದ್ದು. ಒಂದೇ ಬದಿಗೆ ಬದಲಾಯಿಸಿ ಹಣ ಉಳಿಸುವುದು ಕಾರನ್ನು ಪಕ್ಕಕ್ಕೆ ಎಳೆಸಿಕೊಳ್ಳುವ ದಾರಿ.

ಪಳಗಿಸುವ ಕ್ರಮ

ಪ್ಯಾಡಿನ ಪೊಟ್ಟಣದಲ್ಲಿ ಅಥವಾ ಕಾರಿನ ಕೈಪಿಡಿಯಲ್ಲಿ ನಿರ್ದಿಷ್ಟ ಕ್ರಮವನ್ನು ಸೂಚಿಸಿದ್ದರೆ ಅದನ್ನೇ ಅನುಸರಿಸತಕ್ಕದ್ದು. ಸೂಚನೆಯಿಲ್ಲದಿದ್ದಲ್ಲಿ ಸಾಮಾನ್ಯ ಬಳಕೆಯ ಕಾರುಗಳಿಗೆ ಕೆಳಗಿನ ಕ್ರಮ ಸಾಕಾಗುತ್ತದೆ.

ವಾಹನ ಸಂಚಾರ ವಿರಳವಾಗಿರುವ, ನೇರವಾದ, ಸಮತಟ್ಟಾದ ಒಣ ರಸ್ತೆಯನ್ನು ಆರಿಸಿಕೊಳ್ಳಿರಿ. ನಗರವಾಸಿಗಳಿಗೆ ನಸುಕಿನ ವೇಳೆಯೇ ಸೂಕ್ತ. ಕಾರಿನಲ್ಲಿ ಪ್ರಯಾಣಿಕರಾಗಲಿ ಸರಕಾಗಲಿ ಇಲ್ಲದಿರುವುದು ಒಳಿತು. ಮೊದಲು ಗಂಟೆಗೆ 20–30 ಕಿ.ಮೀ. ವೇಗದಲ್ಲಿ ಕೆಲವು ಬಾರಿ ಬ್ರೇಕ್ ಒತ್ತಿ, ಕಾರು ನೇರವಾಗಿ ನಿಧಾನವಾಗುತ್ತಿದೆಯೇ, ಅಸಹಜ ಶಬ್ದವಿದೆಯೇ ಎಂದು ಪರೀಕ್ಷಿಸಿರಿ. ಅನಂತರ ವೇಗವನ್ನು 50 ಕಿ.ಮೀ.ಗೆ ಏರಿಸಿ, ಹಿಂದೆ ಯಾವ ವಾಹನವೂ ಇಲ್ಲವೆಂದು ಕನ್ನಡಿಯಲ್ಲಿ ಖಚಿತಪಡಿಸಿಕೊಂಡು, ಮಧ್ಯಮ ಒತ್ತಡದಿಂದ ಬ್ರೇಕ್ ಹಾಕಿ ವೇಗವನ್ನು ಸುಮಾರು 10 ಕಿ.ಮೀ.ಗೆ ಇಳಿಸಿರಿ. ಪೂರ್ತಿ ನಿಲ್ಲಿಸಬೇಡಿ. ಪೆಡಲನ್ನು ಬಿಟ್ಟು, ಮತ್ತೆ ವೇಗ ಪಡೆದು, ಅರ್ಧ ನಿಮಿಷದಷ್ಟು ಬ್ರೇಕ್ ಮುಟ್ಟದೆ ಸಾಗಿರಿ. ಈ ಅವಧಿಯಲ್ಲಿ ಡಿಸ್ಕ್ ಗಾಳಿಗೆ ಆರುತ್ತದೆ. ಇದನ್ನು 20ರಿಂದ 30 ಬಾರಿ ಮಾಡಬೇಕು. ಗಂಟೆಗೆ 50 ಕಿ.ಮೀ. ವೇಗದಲ್ಲಿ ಅರ್ಧ ನಿಮಿಷಕ್ಕೆ ಸುಮಾರು 400 ಮೀಟರ್ ಸಾಗುವುದರಿಂದ, 30 ಬಾರಿಗೆ 12ರಿಂದ 15 ಕಿ.ಮೀ. ದೂರದ ರಸ್ತೆ ಸಾಕು.

ಮುಗಿದ ಮೇಲೆ ಕಾರನ್ನು ಕೂಡಲೇ ನಿಲ್ಲಿಸದೆ, ಬ್ರೇಕನ್ನು ಆದಷ್ಟು ಕಡಿಮೆ ಬಳಸುತ್ತ ಎಂಟು ಹತ್ತು ಕಿ.ಮೀ. ಓಡಿಸಿ ತಣಿಯಲು ಬಿಡಬೇಕು. ಈ ಹಂತವನ್ನು ಬಿಟ್ಟುಬಿಡುವವರೇ ಹೆಚ್ಚು. ಆದರೆ ತೊಂದರೆ ಹುಟ್ಟುವುದು ಇಲ್ಲಿಯೇ. ಬಿಸಿಯಾದ ಡಿಸ್ಕಿನ ಮೇಲೆ ಪ್ಯಾಡನ್ನು ಅದುಮಿ ಹಿಡಿದು ಕಾರನ್ನು ನಿಲ್ಲಿಸಿದರೆ, ಆ ಒಂದು ಜಾಗದಲ್ಲಿ ಪ್ಯಾಡಿನ ವಸ್ತು ದಪ್ಪನಾಗಿ ಅಂಟಿಕೊಳ್ಳುತ್ತದೆ. ಅಂದಿನಿಂದ ಆ ಜಾಗ ಪ್ರತಿ ಸುತ್ತಿನಲ್ಲಿಯೂ ಪ್ಯಾಡಿಗೆ ಬಡಿದು, ಬ್ರೇಕ್ ಹಾಕಿದಾಗಲೆಲ್ಲ ಸ್ಟಿಯರಿಂಗ್ ನಡುಗುತ್ತದೆ. ಡಿಸ್ಕ್ ಸೊಟ್ಟಗಾಗಿದೆ ಎಂದು ಕಾರ್ಯಾಗಾರಗಳಲ್ಲಿ ಹೇಳಿಸಿಕೊಂಡು ಹೊಸ ಡಿಸ್ಕಿಗೆ ಹಣ ತೆರುವವರ ಕಾರುಗಳಲ್ಲಿ, ನಿಜವಾದ ಕಾರಣ ಈ ಅಸಮ ಪದರವೇ ಆಗಿರುವುದು ವಿರಳವಲ್ಲ.

ರಸ್ತೆಯಲ್ಲಿ ಕಾರಣವಿಲ್ಲದೆ ಹಠಾತ್ತನೆ ಬ್ರೇಕ್ ಹಾಕುವುದು ಚಾಲನಾ ವಿನಿಯಮಗಳಿಗೆ ವಿರುದ್ಧವೆಂಬುದನ್ನು ಮರೆಯಬಾರದು. ಮೇಲೆ ಹೇಳಿದ್ದು ಹಠಾತ್ ಬ್ರೇಕಲ್ಲ, ಕ್ರಮವಾಗಿ ವೇಗ ಇಳಿಸುವುದು. ಸುರಕ್ಷಿತ ರಸ್ತೆ ದೊರೆಯದಿದ್ದರೆ ಈ ಕ್ರಮವನ್ನು ಕೈಬಿಟ್ಟು, ಮೊದಲ 200ರಿಂದ 300 ಕಿ.ಮೀ.ವರೆಗೆ ಎಂದಿನ ಚಾಲನೆಯನ್ನೇ ತಾಳ್ಮೆಯಿಂದ ನಡೆಸಬಹುದು: ಮುಂದಿನ ವಾಹನದಿಂದ ಹೆಚ್ಚಿನ ಅಂತರ, ಮೊದಲೇ ಆರಂಭಿಸಿದ ಮೃದುವಾದ ಬ್ರೇಕ್, ಅತಿವೇಗವಿಲ್ಲದ ಓಟ. ಕಾರಿನ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಕಾಣುವ ಸಲಹೆಯೂ ಇದೇ. ಮೊದಲ ಕ್ರಮವನ್ನು ಪೂರೈಸಿದವರೂ ಈ ದೂರದವರೆಗೆ ಎಚ್ಚರ ವಹಿಸುವುದು ಸೂಕ್ತ.

ಘಾಟಿ ಮಾರ್ಗದಲ್ಲಿ ಬೇಡ

ಬಾಡಿಗೆ ಕಾರುಗಳ ಮಾಲೀಕರು ಹಾಗೂ ಚಾಲಕರು ಈ ಭಾಗವನ್ನು ವಿಶೇಷವಾಗಿ ಗಮನಿಸಬೇಕು. ಸಂಜೆ ಪ್ಯಾಡ್ ಬದಲಾಯಿಸಿ, ಮರುದಿನ ನಸುಕಿನಲ್ಲಿ ಪ್ರಯಾಣಿಕರನ್ನು ಕೂರಿಸಿಕೊಂಡು ಚಾರ್ಮಾಡಿ ಮಾರ್ಗವಾಗಿ ಧರ್ಮಸ್ಥಳಕ್ಕೋ, ಶಿರಾಡಿ ಇಳಿದು ಮಂಗಳೂರಿಗೋ, ಆಗುಂಬೆಯ ತಿರುವುಗಳಲ್ಲಿ ಉಡುಪಿಯ ಕಡೆಗೋ ಹೊರಡುವುದು ಸುರಕ್ಷಿತವಲ್ಲ. ಬೆಂಗಳೂರಿನವರಿಗೆ ಹತ್ತಿರದ ಉದಾಹರಣೆ ನಂದಿಬೆಟ್ಟದ ಇಳಿಜಾರು.

ಹಿಂದೆ ಹೇಳಿದ 1200 ಕಿಲೋ ತೂಕದ ಕಾರು 500 ಮೀಟರ್ ಎತ್ತರದಿಂದ ಕೆಳಗಿಳಿಯುವಾಗ ಹಿಡಿದಿಡಬೇಕಾದ ಶಕ್ತಿಯು, ಗಂಟೆಗೆ 60 ಕಿ.ಮೀ. ವೇಗದಿಂದ 35 ಬಾರಿ ನಿಂತಷ್ಟಾಗುತ್ತದೆ. ಐದಾರು ಜನರೂ ಅವರ ಸಾಮಾನುಗಳೂ ಸೇರಿದರೆ ಇನ್ನೂ ಹೆಚ್ಚು. ಅದೂ ಸರಿಯಾಗಿ ಆರಲು ಬಿಡುವಿಲ್ಲದೆ. ಇದರಲ್ಲಿ ಎಷ್ಟು ಪಾಲನ್ನು ಎಂಜಿನ್ ಹೊರುತ್ತದೆ, ಎಷ್ಟು ಪಾಲನ್ನು ಬ್ರೇಕ್ ಹೊರುತ್ತದೆ ಎಂಬುದು ಚಾಲಕನು ಆರಿಸಿಕೊಂಡ ಗೇರಿನ ಮೇಲೆ ನಿಂತಿದೆ. ಪಳಗಿದ ಪ್ಯಾಡ್‌ಗಳಿದ್ದಾಗಲೂ ಕೆಳಗಿನ ಗೇರಿನಲ್ಲಿಯೇ ಇಳಿಯಬೇಕು. ಪಳಗದ ಪ್ಯಾಡ್‌ಗಳಿದ್ದಾಗ ಬ್ರೇಕಿನ ಮೇಲೆಯೇ ಭಾರ ಹಾಕಿ ಇಳಿದರೆ, ರಾಳದ ಅನಿಲವು ಹಿಡಿತವನ್ನು ಕಸಿಯುವುದು ಇಳಿಜಾರಿನ ತಿರುವಿನಲ್ಲಿಯೇ. ಅನಿವಾರ್ಯವಾಗಿ ಹೊರಡಬೇಕಾದಲ್ಲಿ ಕೆಳಗೇರಿನಲ್ಲಿ ನಿಧಾನವಾಗಿ ಇಳಿದು, ಬ್ರೇಕನ್ನು ಸತತವಾಗಿ ಒತ್ತಿ ಹಿಡಿಯದೆ, ಒತ್ತಿ ಬಿಟ್ಟು ಬಳಸಬೇಕು. ಸುಟ್ಟ ವಾಸನೆ ಬಂದರೆ ಸುರಕ್ಷಿತವಾದ ಅಗಲ ಜಾಗದಲ್ಲಿ ನಿಲ್ಲಿಸಿ, ತಣಿಯಲು ಸಾಕಷ್ಟು ಸಮಯ ಕೊಡಬೇಕು. ಬಿಸಿ ಡಿಸ್ಕಿನ ಮೇಲೆ ನೀರು ಸುರಿಯಕೂಡದು. ಒಂದು ದಿನದ ಬಾಡಿಗೆ ತಪ್ಪುವುದು ಚಾಲಕನಿಗೆ ಸಣ್ಣ ನಷ್ಟವಲ್ಲವೆಂಬುದು ತಿಳಿದ ಸಂಗತಿ. ಆದುದರಿಂದಲೇ ಪ್ಯಾಡ್ ಬದಲಾವಣೆಯನ್ನು ಘಾಟಿ ಪ್ರಯಾಣದ ಹಿಂದಿನ ದಿನಕ್ಕೆ ಇಟ್ಟುಕೊಳ್ಳದೆ, ಒಂದು ವಾರ ಮುಂಚೆ ಊರೊಳಗಿನ ಓಡಾಟದ ದಿನಗಳಲ್ಲಿ ಮಾಡಿಸುವಂತೆ ಕೋರಲಾಗಿದೆ.

ತಪಾಸಣೆಯ ದಿನ

ಯಂತ್ರದ ಮೂಲಕ ಪರೀಕ್ಷೆ ನಡೆಯುವ ಕೇಂದ್ರಗಳಲ್ಲಿ ಕಾರಿನ ಒಂದೊಂದು ಆಕ್ಸಲನ್ನು ತಿರುಗುವ ರೋಲರುಗಳ ಮೇಲೆ ನಿಲ್ಲಿಸಿ, ಪ್ರತಿ ಚಕ್ರದ ಬ್ರೇಕ್ ಬಲವನ್ನು ಪ್ರತ್ಯೇಕವಾಗಿ ಅಳೆಯುತ್ತಾರೆ. ಒಟ್ಟು ಬಲವು ವಾಹನದ ತೂಕಕ್ಕೆ ತಕ್ಕಷ್ಟಿದೆಯೇ ಎಂಬುದರ ಜೊತೆಗೆ, ಎಡ ಮತ್ತು ಬಲ ಚಕ್ರಗಳ ನಡುವಣ ವ್ಯತ್ಯಾಸವೂ ದಾಖಲಾಗುತ್ತದೆ. ಪಳಗದ ಪ್ಯಾಡ್‌ಗಳಲ್ಲಿ ಒಂದು ಬದಿ ಬೇಗ ಹೊಂದಿಕೊಂಡು ಇನ್ನೊಂದು ಬದಿ ಹಿಂದುಳಿದಿರುವುದು ಸಾಮಾನ್ಯ. ಪ್ಯಾಡ್ ಹೊಸದಾಗಿದ್ದರೂ ಪರೀಕ್ಷೆಯಲ್ಲಿ ವ್ಯತ್ಯಾಸ ಕಂಡುಬರಲು ಇದೊಂದು ಕಾರಣ. ಮೋಟಾರು ವಾಹನ ನಿರೀಕ್ಷಕರು ಕಾರನ್ನು ಓಡಿಸಿ ನೋಡುವಲ್ಲಿಯೂ ಪಕ್ಕಕ್ಕೆ ಎಳೆಯುವ ಕಾರು ಕೂಡಲೇ ತಿಳಿಯುತ್ತದೆ. ಪ್ಯಾಡ್ ಕೊಂಡ ರಸೀದಿಯನ್ನು ತೋರಿಸುವುದರಿಂದ ಪರೀಕ್ಷೆಯ ಫಲಿತಾಂಶ ಬದಲಾಗುವುದಿಲ್ಲ.

ಆದ್ದರಿಂದ ಪ್ಯಾಡ್ ಬದಲಾಯಿಸಿದ ದಿನಕ್ಕೂ ತಪಾಸಣೆಗೆ ಪಡೆದ ದಿನಾಂಕಕ್ಕೂ ನಡುವೆ ಕನಿಷ್ಠ ಒಂದು ವಾರದ ಓಡಾಟವಿರಲಿ. ಹೀಗೆ ಮಾಡಿದಲ್ಲಿ, ಕಾರಿನಲ್ಲಿ ಬೇರೆ ದೋಷವಿದ್ದರೂ ಅದು ಮೊದಲೇ ಬಯಲಾಗಿ, ಸರಿಪಡಿಸಿಕೊಳ್ಳಲು ಸಮಯ ಸಿಗುತ್ತದೆ.

ಯಾವಾಗ ಕಾರ್ಯಾಗಾರಕ್ಕೆ ಹಿಂದಿರುಗಬೇಕು?

ಮೊದಲ ಕೆಲವು ದಿನ ಸ್ವಲ್ಪ ವಾಸನೆ, ಸಣ್ಣ ಉಜ್ಜುವ ಶಬ್ದ, ಚಕ್ರದ ಮೇಲೆ ಹೆಚ್ಚಿನ ಕಪ್ಪು ಧೂಳು ಸಹಜ. ಪೆಡಲ್ ಮೆತ್ತಗಿರುವುದು, ಒತ್ತಿ ಹಿಡಿದಾಗ ಮೆಲ್ಲಗೆ ಕೆಳಗಿಳಿಯುವುದು, ಒಂದು ಚಕ್ರ ಮಾತ್ರ ವಿಪರೀತ ಬಿಸಿಯಾಗುವುದು, ಆಯಿಲ್ ಸೋರಿಕೆ, ಬ್ರೇಕಿನ ಎಚ್ಚರಿಕೆ ದೀಪ ಉರಿಯುವುದು ಸಹಜವಲ್ಲ. ಇವು ಪಳಗಿಸುವಿಕೆಯಿಂದ ಸರಿಹೋಗುವ ದೋಷಗಳಲ್ಲ. ಓಡಿಸುತ್ತ ಓಡಿಸುತ್ತ ಸೆಟ್ ಆಗುತ್ತದೆ ಎಂಬ ಭರವಸೆಯನ್ನು ಇಂತಹ ಸಂದರ್ಭದಲ್ಲಿ ಒಪ್ಪಬೇಡಿ.

ಸಾಮಾನ್ಯವಾಗಿ ಏಳುವ ಕೆಲವು ಪ್ರಶ್ನೆಗಳು

ಹಿಂದಿನ ಚಕ್ರಗಳ ಡ್ರಮ್ ಬ್ರೇಕಿಗೂ ಇದು ಅನ್ವಯಿಸುತ್ತದೆಯೇ? ಹೌದು. ಅನೇಕ ಕಾರುಗಳಲ್ಲಿ ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುತ್ತದೆ. ಹೊಸ ಬ್ರೇಕ್ ಶೂಗಳೂ ಡ್ರಮ್ಮಿನ ಒಳಮೈಗೆ ಹೊಂದಿಕೊಳ್ಳಬೇಕು. ಹಿಂದಿನ ಬ್ರೇಕಿನ ಮೇಲೆ ಬೀಳುವ ಭಾರ ಕಡಿಮೆಯಾದುದರಿಂದ ಹೆಚ್ಚಿನ ದಿನ ಹಿಡಿಯಬಹುದು. ಕೈಬ್ರೇಕಿನ ಹಿಡಿತವನ್ನೂ ಆಗ ಮತ್ತೊಮ್ಮೆ ಹೊಂದಿಸಬೇಕಾಗಬಹುದು.

ವಿದ್ಯುತ್ ಚಾಲಿತ ಕಾರುಗಳಲ್ಲಿ? ಇವುಗಳಲ್ಲಿ ವೇಗ ಇಳಿಸುವ ಕೆಲಸದ ದೊಡ್ಡ ಪಾಲನ್ನು ಮೋಟಾರೇ ಮಾಡಿ, ಶಕ್ತಿಯನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ. ಪ್ಯಾಡ್‌ಗಳಿಗೆ ಕೆಲಸವೇ ಸಿಗದೆ ಅವು ತಿಂಗಳುಗಟ್ಟಲೆ ಪಳಗದೆ ಉಳಿಯಬಹುದು. ತುರ್ತಿನಲ್ಲಿ ಮಾತ್ರ ಅವು ಬೇಕಾಗುತ್ತವೆ. ಮೋಟಾರಿನ ಈ ಹಿಡಿತವನ್ನು ಕಡಿಮೆ ಮಾಡುವ ಸೌಲಭ್ಯವಿದ್ದರೆ, ಪಳಗಿಸುವಾಗ ಅದನ್ನು ಕನಿಷ್ಠಕ್ಕೆ ಇಳಿಸಿಕೊಳ್ಳಬೇಕು.

ಮಳೆಗಾಲದಲ್ಲಿ ಹೇಗೆ? ಒಣ ದಿನಕ್ಕಾಗಿ ಕಾಯುವುದು ಉತ್ತಮ. ಒದ್ದೆಯಾದ ಡಿಸ್ಕ್ ಬೇಕಾದಷ್ಟು ಕಾಯುವುದಿಲ್ಲ, ರಸ್ತೆಯ ಹಿಡಿತವೂ ಕಡಿಮೆ. ಕರಾವಳಿ ಮತ್ತು ಮಲೆನಾಡಿನಲ್ಲಿ ಮಳೆ ಬಿಡುವು ಕೊಡದ ತಿಂಗಳುಗಳಲ್ಲಿ ತಪಾಸಣೆಯ ಗಡುವು ಬರುವ ಮಾಲೀಕರು, ಪ್ಯಾಡ್‌ಗಳನ್ನು ಮೇ ತಿಂಗಳಲ್ಲಿಯೇ ನೋಡಿಸಿಕೊಳ್ಳುವುದು ಅನುಕೂಲಕರ.

ಪ್ಯಾಡ್ ಎಷ್ಟು ಸವೆದಾಗ ಬದಲಾಯಿಸಬೇಕು? ಹೊಸ ಪ್ಯಾಡಿನ ಘರ್ಷಣಾ ವಸ್ತು ಸಾಮಾನ್ಯವಾಗಿ 10 ಮಿ.ಮೀ. ಆಸುಪಾಸು ದಪ್ಪವಿರುತ್ತದೆ. 3 ಮಿ.ಮೀ.ಗೆ ಬಂದಾಗ ಬದಲಾಯಿಸುವುದು ಸೂಕ್ತ. ಹಲವು ಪ್ಯಾಡ್‌ಗಳಲ್ಲಿ ಸವೆತ ಮಿತಿ ಮೀರಿದಾಗ ಡಿಸ್ಕಿಗೆ ತಾಗಿ ಕೀರಲು ಶಬ್ದ ಮಾಡುವ ಸಣ್ಣ ತಗಡು ಇರುತ್ತದೆ. ಆ ಶಬ್ದ ಕೇಳಿಬಂದ ಮೇಲೆ ತಪಾಸಣೆಯ ದಿನಾಂಕಕ್ಕಾಗಿ ಕಾಯಬೇಡಿ.

ಅರ್ಜಿ, ಶುಲ್ಕ ಹಾಗೂ ತಪಾಸಣೆಯ ದಿನಾಂಕದ ವಿವರಗಳಿಗಾಗಿ ತಮ್ಮ ವ್ಯಾಪ್ತಿಯ ಪ್ರಾದೇಶಿಕ ಸಾರಿಗೆ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.